ಬಿಸಿಲು ಬೇಡುವ ಹೂಹಾಸು

ಬೇಸಿಗೆಯಲ್ಲಿ ಲಾನ್ ಹಸಿರಾಗಿ ಉಳಿಯಬೇಕಾದರೆ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಮಳೆ ಬಿದ್ದಷ್ಟು ನೀರು ಬೇಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಹತ್ತಡಿ ಉದ್ದ, ಹತ್ತಡಿ ಅಗಲದ ಪುಟ್ಟ ಲಾನ್‌ಗೆ ಈ ಲೆಕ್ಕ ಹಾಕಿ ನೋಡಿ: ದಿನಕ್ಕೆ 40 ಲೀಟರಿನ ಆಸುಪಾಸು. ಜಲಜೀವನ್ ಮಿಷನ್ ಹಳ್ಳಿಯ ಒಬ್ಬ ಮನುಷ್ಯನ ಕುಡಿಯುವುದು, ಅಡುಗೆ, ಸ್ನಾನ ಎಲ್ಲಕ್ಕೂ ಸೇರಿಸಿ ನಿಗದಿ ಮಾಡಿರುವುದು ದಿನಕ್ಕೆ 55 ಲೀಟರ್. ಮನೆಮುಂದಿನ ಒಂದು ತುಂಡು ಹುಲ್ಲು ಹೆಚ್ಚುಕಡಿಮೆ ಒಬ್ಬ ಮನುಷ್ಯನ ಪಾಲಿನ ನೀರು ಕುಡಿಯುತ್ತದೆ.

2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿದಾಗ ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ. ಆದೇಶ ಸರಿಯಾದದ್ದೇ. ಆದರೆ ನೀರಿನ ಭಯಕ್ಕೆ ನಮ್ಮ ಊರುಗಳಲ್ಲಿ ಬಹಳ ಮನೆಗಳವರು ಮಾಡುವ ಕೆಲಸವೊಂದಿದೆ, ಅದು ನನಗೆ ನೋವು ತರುತ್ತದೆ. ಗಿಡ ಕಿತ್ತು ಅಂಗಳಕ್ಕೆ ಟೈಲ್ಸ್ ಹಾಕಿಸಿಬಿಡುತ್ತಾರೆ. ಆ ಮೇಲೆ ಬೀಳುವ ಮಳೆಯ ಒಂದು ಹನಿಯೂ ಭೂಮಿಗೆ ಇಳಿಯುವುದಿಲ್ಲ. ಹಗಲೆಲ್ಲ ಕಾದ ಟೈಲ್ಸ್ ರಾತ್ರಿಯಿಡೀ ಶಾಖ ಬಿಡುತ್ತದೆ. ನೀರು ಉಳಿಸಲು ಮಣ್ಣನ್ನೇ ಮುಚ್ಚಬೇಕಾಗಿಲ್ಲ. ಬಿಸಿಲು ಬಡಿಯುವ ಬರಿ ನೆಲವನ್ನು ಬಣ್ಣದಿಂದ ತುಂಬಿ, ವಾರಕ್ಕೊಮ್ಮೆ ಸಿಕ್ಕ ನೀರಿನಲ್ಲಿ ಬದುಕುವ ಗಿಡ ನಮ್ಮಲ್ಲಿ ಬಹುತೇಕ ಎಲ್ಲರಿಗೂ ಗೊತ್ತು. ಕೆಲವರು ಅದನ್ನು ಟೇಬಲ್ ರೋಸ್ ಅನ್ನುತ್ತಾರೆ, ಕೆಲವರು ಹತ್ತು ಗಂಟೆ ಹೂ ಅನ್ನುತ್ತಾರೆ. ನರ್ಸರಿಯವರ ಬಾಯಲ್ಲಿ ಪೋರ್ಚುಲಕ.

ಇದು ದಕ್ಷಿಣ ಅಮೆರಿಕದ ಗಿಡ. ಬ್ರೆಜಿಲ್‌ನ ದಕ್ಷಿಣ ಭಾಗ, ಉರುಗ್ವೆ, ಅರ್ಜೆಂಟೀನಾ ಇದರ ತವರು. ಜಾನ್ ಗಿಲ್ಲೀಸ್ ಎಂಬ ಸ್ಕಾಟ್ಲೆಂಡಿನ ವೈದ್ಯ ಆಂಡಿಸ್ ಪರ್ವತದ ಬುಡದ ಮೆಂಡೋಜಾ ಪಟ್ಟಣದ ಸುತ್ತಿನ ಮರಳು ಬಯಲಿನಲ್ಲಿ ಇದನ್ನು ಕಂಡ. ನೆಲಕ್ಕೆ ನೆಲವೇ ನೇರಳೆಯಾಗಿತ್ತು, ನಡುನಡುವೆ ಕಿತ್ತಳೆ ಬಣ್ಣದ ಹೂಗಳಿದ್ದವು ಎಂದು ಅವನು ವರದಿ ಮಾಡಿದ್ದ. ಸಸ್ಯಶಾಸ್ತ್ರಜ್ಞ ವಿಲಿಯಂ ಜಾಕ್ಸನ್ ಹೂಕರ್ 1829ರಲ್ಲಿ ಇದಕ್ಕೆ ಪೋರ್ಚುಲಕ ಗ್ರ್ಯಾಂಡಿಫ್ಲೋರಾ ಎಂದು ಹೆಸರಿಟ್ಟು, ಚಿತ್ರದೊಂದಿಗೆ ಕರ್ಟಿಸ್‌ನ ಬೊಟಾನಿಕಲ್ ಮ್ಯಾಗಜಿನ್‌ನಲ್ಲಿ ಪ್ರಕಟಿಸಿದ. ಈ ಚರಿತ್ರೆಯಲ್ಲಿ ಕೈತೋಟದವರು ನೆನಪಿಡಬೇಕಾದ ಮಾತು ಒಂದೇ, ಮರಳು ಬಯಲು. ಗಿಡ ಹುಟ್ಟಿದ್ದು ನೀರು ನಿಲ್ಲದ ಹಗುರ ಮಣ್ಣಿನಲ್ಲಿ, ಮರದ ನೆರಳಿಲ್ಲದ ಕಡೆ. ಅದರ ಇಷ್ಟಾನಿಷ್ಟಗಳೆಲ್ಲ ಅಲ್ಲಿಂದಲೇ ಬಂದಿವೆ.

ಟೇಬಲ್ ರೋಸ್‌ಗೆ ನಮ್ಮ ಹೊಲಗಳಲ್ಲೇ ಒಂದು ಸೋದರ ಗಿಡವಿದೆ. ಅದೇ ಗೋಣಿ ಸೊಪ್ಪು. ರಾಗಿ ಹೊಲದ ಸಾಲಿನಲ್ಲಿ, ತರಕಾರಿ ಮಡಿಯ ಅಂಚಿನಲ್ಲಿ, ಫುಟ್‌ಪಾತಿನ ಕಲ್ಲಿನ ಸಂದಿಯಲ್ಲಿ ಕೆಂಪು ದಂಟು ಹರಡಿಕೊಂಡು ಮಲಗಿರುವ ಈ ಸೊಪ್ಪನ್ನು ತೊಗರಿಬೇಳೆ ಜೊತೆ ಬೇಯಿಸಿ ಸಾರು ಮಾಡುತ್ತಾರೆ. ಸಾರಿಗೆ ಒಂದು ಎಳೆ ಹುಳಿ ತಾನಾಗಿ ಬರುತ್ತದೆ. ಆ ಹುಳಿಯಲ್ಲೇ ಬರ ತಾಳುವ ಗುಟ್ಟು ಇದೆ.

ಎಲ್ಲ ಗಿಡಗಳಿಗೂ ಒಂದು ಇಕ್ಕಟ್ಟು ಇದೆ. ಆಹಾರ ತಯಾರಿಸಲು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕು. ಅದು ಒಳಗೆ ಬರಬೇಕಾದರೆ ಎಲೆಯ ಪತ್ರರಂಧ್ರಗಳು ತೆರೆದಿರಬೇಕು. ತೆರೆದರೆ ಅದೇ ದಾರಿಯಲ್ಲಿ ನೀರು ಆವಿಯಾಗಿ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಕಳ್ಳಿ, ಅನಾನಸ್ ಮುಂತಾದವು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಅವು ಹಗಲು ರಂಧ್ರ ಮುಚ್ಚಿಕೊಂಡಿದ್ದು, ತಂಪಾದ ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು, ಅದನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಎಲೆಯೊಳಗೆ ಕೂಡಿಡುತ್ತವೆ. ಬೆಳಕು ಹರಿದ ಮೇಲೆ ಬಾಗಿಲು ತೆಗೆಯದೆಯೇ ಆ ಸಂಗ್ರಹದಿಂದ ಅಡುಗೆ ಶುರು. ರಾತ್ರಿ ನೆನೆಹಾಕಿಟ್ಟು ಬೆಳಗ್ಗೆ ರುಬ್ಬುವ ನಮ್ಮ ಮನೆಗಳ ಪದ್ಧತಿಯೇ ಅದು.

ನೀರಿಗೆ ತತ್ವಾರವಾದಾಗ ಗೋಣಿ ಸೊಪ್ಪು ಈ ದಾರಿ ಹಿಡಿಯುತ್ತದೆ. ರಾತ್ರಿಯೆಲ್ಲ ಆಮ್ಲ ತುಂಬಿಕೊಂಡಿದ್ದರಿಂದ ನಸುಕಿನಲ್ಲಿ ಕಿತ್ತ ಸೊಪ್ಪು ಚುರುಕಾದ ಹುಳಿ. ಹಗಲು ಆ ಆಮ್ಲ ಖರ್ಚಾಗಿ ಸಂಜೆ ಕಿತ್ತದ್ದು ಸಪ್ಪೆ. ನೀರು ಕಾಣದೆ ನಾಲ್ಕು ದಿನವಾದ ಗಿಡದ ಎಲೆಯನ್ನು ಒಂದು ಬೆಳಗ್ಗೆ, ಒಂದು ಸಂಜೆ ಅಗಿದು ನೋಡಿದರೆ ನಾಲಿಗೆಗೇ ಇದು ತಿಳಿಯುತ್ತದೆ. ಆದರೆ ಹಾಗೆ ಬಾಯಿಗಿಡುವ ಮುಂಚೆ ದಂಟು ಮುರಿದು ನೋಡಿ. ನೆಲಕ್ಕೆ ಅಂಟಿ ಬೆಳೆಯುವ, ಗೋಣಿ ಸೊಪ್ಪಿನಂತೆಯೇ ಕಾಣುವ ಬೇರೆ ಕಳೆಗಳಿವೆ. ಮುರಿದಾಗ ಬಿಳಿ ಹಾಲು ಬಂದರೆ ಅದು ತಿನ್ನುವ ಗಿಡವಲ್ಲ.

ಗೋಣಿ ಸೊಪ್ಪು, ಟೇಬಲ್ ರೋಸ್‌ಗಳ ಕುಲದ ಹೆಚ್ಚುಗಾರಿಕೆ ಇಷ್ಟಕ್ಕೇ ಮುಗಿಯುವುದಿಲ್ಲ. ಜೋಳ, ಕಬ್ಬು, ರಾಗಿಗಳು ಬಿಸಿಲಿನಲ್ಲಿ ಭರದಿಂದ ಬೆಳೆಯಲು ಸಿ4 ಎಂಬ ಬೇರೊಂದು ಬಗೆಯ ದ್ಯುತಿಸಂಶ್ಲೇಷಣೆ ನಡೆಸುತ್ತವೆ. ಅದು ವೇಗದ ದಾರಿ, ಕಳ್ಳಿಯದು ತಾಳಿಕೆಯ ದಾರಿ. ಒಂದನ್ನು ಹಿಡಿದ ಗಿಡ ಸಾಮಾನ್ಯವಾಗಿ ಇನ್ನೊಂದನ್ನು ಹಿಡಿಯುವುದಿಲ್ಲ. ಪೋರ್ಚುಲಕ ಕುಲಕ್ಕೆ ಎರಡೂ ಗೊತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಗೋಣಿ ಸೊಪ್ಪಿನಲ್ಲಿ ಈ ಎರಡೂ ಕೆಲಸ ಒಂದೇ ಜೀವಕೋಶದೊಳಗೆ ಹೆಣೆದುಕೊಂಡು ನಡೆಯುತ್ತವೆಂದು ತೋರಿಸಿತು. ನೀರಿದ್ದಾಗ ಜೋಳದಂತೆ ನುಗ್ಗಿ ಬೆಳೆ, ಇಲ್ಲದಾಗ ಕಳ್ಳಿಯಂತೆ ಬಿಗಿಹಿಡಿ. ನಾವು ಕಳೆ ಎಂದು ಕಿತ್ತೆಸೆಯುವ ಗಿಡದ ಸಾಮರ್ಥ್ಯ ಇದು. ಬರಗಾಲದ ಬೆಳೆಗಳ ಬಗ್ಗೆ ಯೋಚಿಸುವವರು ಇದನ್ನು ಇಷ್ಟು ಶ್ರದ್ಧೆಯಿಂದ ಓದುತ್ತಿರುವುದು ನನಗೆ ತುಂಬ ಸಂತೋಷದ ಸಂಗತಿ.

ಇನ್ನು ಬಣ್ಣ. ಟೇಬಲ್ ರೋಸ್‌ನ ರಾಣಿ ಬಣ್ಣ, ಕುಂಕುಮ, ಕಿತ್ತಳೆ, ನಿಂಬೆ ಹಳದಿ ನೋಡಿದವರಿಗೆ ಅದು ಗುಲಾಬಿ, ದಾಸವಾಳಗಳ ಬಣ್ಣಕ್ಕಿಂತ ಬೇರೆ ಥರದ್ದು ಅನ್ನಿಸಿರಬಹುದು. ಅನ್ನಿಸಿದ್ದು ನಿಜವೇ. ದಾಸವಾಳದ ಕೆಂಪು, ಶಂಖಪುಷ್ಪದ ನೀಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ ಬರುತ್ತವೆ. ಟೇಬಲ್ ರೋಸ್ ಬಳಸುವುದು ಬೀಟಲೇನ್ ಎಂಬ ಬೇರೆಯದೇ ದ್ರವ್ಯವನ್ನು. ಬೀಟ್‌ರೂಟ್ ಹೆಚ್ಚಿದಾಗ ಕೈಗೆ ಹತ್ತುವ ಬಣ್ಣ ಇದೇ. ದಂಟಿನ ಸೊಪ್ಪಿನ ಕೆಂಪು, ಕೋಳಿಜುಟ್ಟಿನ ಹೂ, ಕಾಗದದ ಹೂ, ಸಂಜೆಮಲ್ಲಿಗೆ, ಡ್ರ್ಯಾಗನ್ ಫ್ರೂಟಿನ ತಿರುಳು ಎಲ್ಲ ಇದೇ ಬಳಗದವು. ಪ್ರಕೃತಿಯಲ್ಲಿ ಒಂದೇ ಗಿಡದಲ್ಲಿ ಈ ಎರಡು ದ್ರವ್ಯಗಳು ಒಟ್ಟಿಗೆ ಕಂಡುಬಂದ ಉದಾಹರಣೆ ಇಲ್ಲ. ಬೀಟಲೇನ್‌ನಲ್ಲಿ ಎರಡು ಪಂಗಡ, ಒಂದು ಕೆಂಪು-ನೇರಳೆ, ಇನ್ನೊಂದು ಹಳದಿ. ಎರಡರ ಪಾಲು ಹೆಚ್ಚುಕಡಿಮೆ ಆದಂತೆ ಕಿತ್ತಳೆ, ಕುಂಕುಮ ಎಲ್ಲ ಹುಟ್ಟುತ್ತವೆ. ಎರಡೂ ಇಲ್ಲದಿದ್ದರೆ ಬಿಳಿ. ನೀಲಿ ಈ ಗಿಡದಲ್ಲಿ ಬರುವುದೇ ಇಲ್ಲ. ಹಾಗಾಗಿ ಆನ್‌ಲೈನಿನಲ್ಲಿ ಯಾರಾದರೂ ನೀಲಿ ಟೇಬಲ್ ರೋಸ್ ಬೀಜವೆಂದು ಚಿತ್ರ ಹಾಕಿ ಮಾರುತ್ತಿದ್ದರೆ ದುಡ್ಡು ಕೊಡಬೇಡಿ.

ಬೀಟಲೇನ್ ತಯಾರಾಗಲು ಬೇಕಾದ ಮುಖ್ಯ ಕಿಣ್ವವೊಂದರ ಜೀನ್ ಅನ್ನು ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದ ತಂಡ 2004ರಲ್ಲಿ ಗುರುತಿಸಿದ್ದು ಟೇಬಲ್ ರೋಸ್‌ನಲ್ಲೇ. ಒಂದೇ ಜಾತಿಯಲ್ಲಿ ಇಷ್ಟೊಂದು ಬಣ್ಣದ ತಳಿಗಳಿರುವುದರಿಂದ ಬಣ್ಣದ ಲೆಕ್ಕ ಬಿಡಿಸಲು ಇದು ವಿಜ್ಞಾನಿಗಳಿಗೆ ಅನುಕೂಲದ ಗಿಡ. ಅಷ್ಟು ದೂರ ಹೋಗದೆಯೂ ಬೀಟಲೇನ್ ನೋಡಬಹುದು. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಮುದುಡಿದ ಹೂವೊಂದನ್ನು ಬೆರಳಲ್ಲಿ ಹಿಸುಕಿ. ಬೆಳಗ್ಗೆ ರೇಷ್ಮೆ ಬಟ್ಟೆಯಂತಿದ್ದ ದಳಗಳು ಒದ್ದೆ ಲೋಳೆಯಾಗಿ ಕರಗಿರುತ್ತವೆ, ಬೆರಳ ತುದಿ ರಾಣಿ ಬಣ್ಣವಾಗುತ್ತದೆ.

ಒಂದು ಹೂವಿನ ಆಯುಷ್ಯ ಒಂದೇ ಹಗಲು. ಬೆಳಗ್ಗೆ ಎಂಟರ ಹೊತ್ತಿಗೆ ಮೊಗ್ಗಿನ ತುದಿ ಸಡಿಲವಾಗುತ್ತದೆ, ಬಿಸಿಲು ಏರಿದಂತೆ ದಳಗಳು ಒಂದೊಂದಾಗಿ ಹಿಂದಕ್ಕೆ ಮಲಗುತ್ತವೆ. ಬೆಳಕಿನ ಜೊತೆಗೆ ಬಿಸಿಯೂ ಏರಬೇಕು, ಆಗಲೇ ಅರಳುವುದು. ಆದ್ದರಿಂದ ಡಿಸೆಂಬರಿನ ಚಳಿಯಲ್ಲಿ ಹತ್ತೂವರೆಯಾದರೂ ಗಿಡ ಕಣ್ಣು ಬಿಟ್ಟಿರುವುದಿಲ್ಲ, ಮೋಡ ಕವಿದ ದಿನ ಅರಳುವುದನ್ನೇ ಬಿಟ್ಟುಬಿಡುವುದೂ ಉಂಟು. ಪೂರ್ತಿ ಅರಳಿದ ಒಂಟಿ ದಳದ ಹೂವಿನ ನಡುವೆ ಹಳದಿ ಕೇಸರಗಳ ಒಂದು ಗೊಂಚಲು ಇರುತ್ತದೆ. ಅದನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ಎರಡು ಕ್ಷಣ ಕಾದರೆ ಕೇಸರಗಳು ತಾವಾಗಿ ಬಾಗುವುದು ಬರಿಗಣ್ಣಿಗೆ ಕಾಣುತ್ತದೆ. ಪರಾಗಕ್ಕೆ ಬಂದ ಜೇನ್ನೊಣ ಆ ಗೊಂಚಲಿನೊಳಗೆ ಹೊರಳಾಡುವಾಗ ಆಗುವುದೂ ಇದೇ, ಕೇಸರಗಳು ಅದರ ಮೈಗೆ ಒತ್ತಿಕೊಳ್ಳುತ್ತವೆ. ಮಕ್ಕಳಿಗೆ ಮುಟ್ಟಿದರೆ ಮುನಿ ತೋರಿಸುವಂತೆ ಇದನ್ನೂ ತೋರಿಸಬೇಕು. ದಳ ಉದುರಿದ ಮೇಲೆ ಉಳಿಯುವ ಪುಟ್ಟ ಕಾಯಿ ಒಣಗಿದಾಗ ಮೇಲಿನ ಮುಚ್ಚಳ ಪೂರ್ತಿ ಕಳಚಿ ಬೀಳುತ್ತದೆ. ಕೆಳಗಿನ ಬಟ್ಟಲಿನಲ್ಲಿ ಬೂದುಗಪ್ಪು ಬೀಜಗಳು, ಸಾಸಿವೆಗಿಂತ ಎಷ್ಟೋ ಚಿಕ್ಕವು. ಅವನ್ನು ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು, ಮೊಳೆಯಲು ಬೆಳಕು ಬೇಕಾದ್ದರಿಂದ ಮಣ್ಣು ಮುಚ್ಚಬಾರದು.

ನರ್ಸರಿಗಳಲ್ಲಿ ಎರಡು ಬಗೆ ಸಿಗುತ್ತವೆ. ಸೂಜಿಯಂಥ ದುಂಡು ಎಲೆ, ಗುಲಾಬಿಯಂತೆ ಪದರ ಪದರ ದಳ ಇರುವುದು ಗ್ರ್ಯಾಂಡಿಫ್ಲೋರಾ. ಚಪ್ಪಟೆ ಅಗಲ ಎಲೆ, ಐದೇ ದಳದ ಬಿಡಿ ಹೂ ಬಿಡುವುದು ಹೆಚ್ಚಾಗಿ ಅಂಬ್ರಾಟಿಕೋಲಾ ಎಂಬ ಇನ್ನೊಂದು ಜಾತಿಯ ತಳಿ. ಪದರದ ಹೂ ಕಣ್ಣಿಗೆ ಹಬ್ಬ, ಆದರೆ ಜೇನಿಗೆ ಅದರಲ್ಲಿ ಸಿಗುವುದು ಕಡಿಮೆ. ನೆಲ ಮುಚ್ಚಲು ನನ್ನ ಆಯ್ಕೆ ಬಿಡಿ ದಳದ್ದು. ಬೇಗ ಹರಡುತ್ತದೆ, ಮಿಸ್ರಿ ಜೇನು, ತುಡುವೆ ಜೇನು ಎರಡೂ ಬರುತ್ತವೆ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಬರ ತಾಳುವ ಗಿಡ ಎಂದು ಕೇಳಿ ತಂದವರು ಅದನ್ನು ಕಳೆದುಕೊಳ್ಳುವುದು ಬೇಸಿಗೆಯಲ್ಲಿ ಅಲ್ಲ, ಮಳೆಗಾಲದಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ಕಂಬಳಿ ಹಾಸಿದಂತಿದ್ದ ಮಡಿ, ಆರಿದ್ರಾ ಮಳೆ ಹಿಡಿದು ವಾರವಾಗುವಷ್ಟರಲ್ಲಿ ನಡುವಿನಿಂದ ಕಪ್ಪಾಗತೊಡಗುತ್ತದೆ. ಬುಡದ ಕಾಂಡ ಪಾರದರ್ಶಕವಾಗಿ, ಮುಟ್ಟಿದರೆ ಕಳಚಿ ಬರುತ್ತದೆ. ಜನ ಇದನ್ನು ರೋಗ ಎಂದುಕೊಂಡು ಔಷಧಿ ತರಲು ಓಡುತ್ತಾರೆ. ಮೂಲ ಕಾರಣ ಮಣ್ಣಿನಲ್ಲಿದೆ. ಮಣ್ಣಿನ ಕಣಗಳ ನಡುವಿನ ಜಾಗವೆಲ್ಲ ನೀರಿನಿಂದ ತುಂಬಿದರೆ ಬೇರಿಗೆ ಉಸಿರಿಲ್ಲ, ಸತ್ತ ಬೇರಿನ ಮೂಲಕ ಕೊಳೆರೋಗಾಣುಗಳು ಕಾಂಡಕ್ಕೆ ಏರುತ್ತವೆ. ಮೋಡದಿಂದ ಬಿಸಿಲೂ ಇಲ್ಲದೆ ಗಿಡಕ್ಕೆ ಆ ನೀರನ್ನು ಖರ್ಚು ಮಾಡುವ ದಾರಿ ಇರುವುದಿಲ್ಲ.

ನರ್ಸರಿಯಿಂದ ಬರುವ ಗಿಡದ ಬುಡದಲ್ಲಿ ಇರುವುದು ಬಹುಪಾಲು ಕೋಕೋಪೀಟ್. ತೂಕ ಹಗುರ, ಸಾಗಿಸಲು ಸುಲಭ, ಆದ್ದರಿಂದ ಅವರಿಗೆ ಅದು ಬೇಕು. ಆದರೆ ತೆಂಗಿನ ನಾರಿನ ಆ ಪುಡಿ ನೀರನ್ನು ಹೀರಿ ದಿನಗಟ್ಟಲೆ ಇಟ್ಟುಕೊಳ್ಳುತ್ತದೆ. ಗಿಡ ನೆಡುವಾಗ ಅದನ್ನು ಆದಷ್ಟು ಉದುರಿಸಿಬಿಡಬೇಕು. ನೆಡಲು ಕಡ್ಡಿಯೇ ಇನ್ನೂ ಒಳ್ಳೆಯದು. ಮೂರು-ನಾಲ್ಕು ಅಂಗುಲದ ತುದಿ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ಅರ್ಧ ದಿನ ನೆರಳಲ್ಲಿಟ್ಟು ಗಾಯ ಒಣಗಿದ ಮೇಲೆ ಗೇಣು ಅಂತರಕ್ಕೆ ಒಂದರಂತೆ ಚುಚ್ಚುತ್ತಾ ಹೋಗುವುದು. ಬೇಸಿಗೆಯಲ್ಲಿ ಹತ್ತು ದಿನದೊಳಗೆ ಬೇರು ಬಿಡುತ್ತದೆ, ಎರಡು ತಿಂಗಳಲ್ಲಿ ನೆಲ ಕಾಣುವುದಿಲ್ಲ.

ಮಡಿಯನ್ನು ಸುತ್ತಲಿನ ನೆಲಕ್ಕಿಂತ ಅರ್ಧ ಅಡಿಯಾದರೂ ಎತ್ತರಿಸಿ, ಒಂದು ಕಡೆಗೆ ತುಸು ಇಳಿಜಾರು ಕೊಡಿ. ಅರ್ಧ ಕೆಂಪು ಮಣ್ಣು, ಉಳಿದರ್ಧದಲ್ಲಿ ಹೆಚ್ಚು ಪಾಲು ದಪ್ಪ ಮರಳು, ಒಂದಿಷ್ಟು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ. ಮರಳಿನ ಬದಲು ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಧೂಳು ತೆಗೆಯಬೇಕು, ಆ ಧೂಳು ಇಳಿದು ಕೆಳಗೆ ಗಾರೆಯಂತೆ ಕೂರುತ್ತದೆ. ಕಟ್ಟಡ ಕೆಲಸದಲ್ಲಿ ಉಳಿದ ಇಟ್ಟಿಗೆ ಚೂರು ಕುಟ್ಟಿ ಹಾಕಿದರೂ ನಡೆಯುತ್ತದೆ. ವಿಜಯಪುರ, ಗದಗ, ರಾಯಚೂರು ಕಡೆಯ ಎರೆಮಣ್ಣಿನವರು ಮಾತ್ರ ಎರೆಗೆ ನಾಲ್ಕು ಬುಟ್ಟಿ ಮರಳು ಬೆರೆಸಿ ಸರಿಹೋಯಿತು ಎಂದುಕೊಳ್ಳಬಾರದು. ಅದು ಒಣಗಿದಾಗ ಇನ್ನೂ ಗಟ್ಟಿಯಾಗುತ್ತದೆ. ಎರೆಯ ಮೇಲೆಯೇ ಕಲ್ಲಿನ ಅಂಚು ಕಟ್ಟಿ, ಹೊರಗಿನಿಂದ ತಂದ ಮರಳು ಮಿಶ್ರಿತ ಮಣ್ಣಿನ ಮಡಿ ಏರಿಸುವುದೇ ಸರಿ. ಅಷ್ಟು ಮಾಡಿದರೆ ಅಲ್ಲಿನ ಬಿಸಿಲಿಗೆ, ಕಡಿಮೆ ಮಳೆಗೆ ಟೇಬಲ್ ರೋಸ್ ಬೆಂಗಳೂರಿಗಿಂತ ಚೆನ್ನಾಗಿ ಬರುತ್ತದೆ.

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಇಲ್ಲದ ಕಡೆ ನೆಡಲೇ ಬೇಡಿ. ಎರಡು ಗೆಣ್ಣು ಬೆರಳು ಮಣ್ಣಿಗಿಳಿಸಿ, ಒಣಗಿದ್ದರೆ ನೀರು, ತೇವವಿದ್ದರೆ ಇಲ್ಲ. ಬೇರು ಊರಿದ ಮಡಿಗೆ ಬೇಸಿಗೆಯಲ್ಲೂ ವಾರಕ್ಕೊಮ್ಮೆ ಸಾಕು. ಇನ್ನೂ ಕಡಿಮೆ ಕೊಟ್ಟರೂ ಗಿಡ ಬದುಕುತ್ತದೆ, ಹೂ ಮಾತ್ರ ಇಳಿಯುತ್ತದೆ. ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಬಹುದು. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚು, ಆದರೂ ಈ ಕುಲ ತಕ್ಕಮಟ್ಟಿಗೆ ಅದನ್ನು ತಾಳುತ್ತದೆ. ಮಳೆಗಾಲ ಆ ಲವಣವನ್ನು ತೊಳೆದು ಕೆಳಗಿಳಿಸುತ್ತದೆ. ಯೂರಿಯಾ ಬೇಡವೇ ಬೇಡ, ಹಾಕಿದರೆ ಎಲೆ ಕೊಬ್ಬಿ ಹೂ ನಿಲ್ಲುತ್ತದೆ. ಉದ್ದಕ್ಕೆ ಬೆಳೆದು ಬುಡ ಬೋಳಾದರೆ ಮೂರನೇ ಎರಡು ಭಾಗ ಸವರಿ, ಸವರಿದ್ದನ್ನೇ ಖಾಲಿ ಜಾಗಕ್ಕೆ ಚುಚ್ಚಿ. ಹಿಟ್ಟು ತಿಗಣೆ ಕಂಡರೆ ಆ ರೆಂಬೆ ಕತ್ತರಿಸಿ ದೂರ ಎಸೆಯುವುದೇ ಮದ್ದು. ಮಳೆಗಾಲದ ರಾತ್ರಿ ಆಫ್ರಿಕನ್ ಬಸವನಹುಳು ಬಂದರೆ ಟಾರ್ಚ್ ಹಿಡಿದು, ಕೈಗೆ ಗ್ಲೌಸ್ ಹಾಕಿ ಹೆಕ್ಕುವುದಲ್ಲದೆ ಬೇರೆ ಒಳ್ಳೆಯ ದಾರಿ ನನಗೆ ಕಂಡಿಲ್ಲ. ನಾಯಿ, ಬೆಕ್ಕು ಇರುವ ಮನೆಯವರು ಗಮನಿಸಬೇಕು: ಗಿಡದಲ್ಲಿ ಆಕ್ಸಲೇಟ್ ಇದೆ, ಅವು ಹೆಚ್ಚು ತಿಂದರೆ ಒಳ್ಳೆಯದಲ್ಲ.

ಇಷ್ಟೆಲ್ಲ ಮಾಡಿದರೂ ಜೂನ್ ಬಂದಾಗ ಪ್ರತಿ ಬಣ್ಣದಿಂದ ನಾಲ್ಕು ಕಡ್ಡಿ ಕತ್ತರಿಸಿ ಕುಂಡಕ್ಕೆ ಹಾಕಿ, ಬಿಸಿಲು ಬೀಳುವ ಸಜ್ಜಾದ ಕೆಳಗೆ ಇಟ್ಟುಕೊಳ್ಳಿ. ಹಿಂಗಾರು ತಗ್ಗಿದ ಮೇಲೆ ಅವೇ ಮುಂದಿನ ವರ್ಷದ ಬಂಡವಾಳ. ಮಳೆಗಾಲದಲ್ಲಿ ನೆಲ ಬೋಳಾಗದಿರಲಿ ಎನ್ನುವವರು ಮಡಿಯ ಅಂಚಿಗೆ ಕಡು ನೇರಳೆ ಎಲೆಯ ಪರ್ಪಲ್ ಹಾರ್ಟ್ ಹಾಕಬಹುದು. ಮೆಕ್ಸಿಕೋದ ಈ ಗಿಡ ಮಳೆ, ಬಿಸಿಲು ಎರಡನ್ನೂ ಸಹಿಸುತ್ತದೆ, ನೆರಳಿಗೆ ಬಿದ್ದರೆ ಮಾತ್ರ ಹಸಿರಾಗಿಬಿಡುತ್ತದೆ. ಅರೆನೆರಳಿನ ಮೂಲೆಗೆ ದಕ್ಷಿಣ ಆಫ್ರಿಕಾದ ಬೇಬಿ ಸನ್‌ರೋಸ್ ಇದೆ, ಹೃದಯದಾಕಾರದ ಎಲೆ, ಗುಂಡಿಯಷ್ಟು ಗುಲಾಬಿ ಹೂ.

ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಟೇಬಲ್ ರೋಸನ್ನು ನೆಲಕ್ಕೆ ಹಾಕಿ ಎಂದು ನಾನು ಹೇಳುವುದಿಲ್ಲ. ಮಲೆನಾಡಿನವರಿಗೆ ಅದು ಜಗಲಿಯ ಕುಂಡದ ಗಿಡ, ಅಷ್ಟೇ. ಪ್ರತಿ ಊರಿಗೂ ಒಂದೇ ಗಿಡ ಹೇರುವುದರಿಂದ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾ ನೋಡಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೈಲು ಹಳಿಯ ಬದಿಯ ಮಣ್ಣು ಜಾರದಿರಲೆಂದು, ಮುಂದೆ ಹೆದ್ದಾರಿಗಳ ಬದಿಗೂ, ದಕ್ಷಿಣ ಆಫ್ರಿಕಾದ ಕಾರ್ಪೊಬ್ರೋಟಸ್ ಎಂಬ ಐಸ್‌ಪ್ಲಾಂಟ್ ನೆಟ್ಟರು. ಬರ ತಾಳುವ, ದಪ್ಪ ಎಲೆಯ, ಚಂದದ ಹೂವಿನ ನೆಲಹಾಸು. ಅದು ಕಡಲಂಚಿನ ಮರಳು ದಿಬ್ಬಗಳಿಗೆ ಹಬ್ಬಿ ಅಲ್ಲಿನ ಮೂಲ ಸಸ್ಯಗಳನ್ನು ಉಸಿರುಗಟ್ಟಿಸಿತು. ಈಗ ಅದನ್ನು ಕಿತ್ತು ಹಾಕಲು ದುಡಿಯುತ್ತಿದ್ದಾರೆ. ಅಲಂಕಾರಕ್ಕೆಂದು ತಂದ ಲಂಟಾನ ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಿಗೆ ಮಾಡಿರುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೇಬಲ್ ರೋಸ್ ಅಂಗಳ ದಾಟಿ ಕಾಡಿಗೆ ನುಗ್ಗುವ ಗಿಡವಲ್ಲ, ನಮ್ಮ ಮಳೆಗಾಲವೇ ಅದಕ್ಕೆ ಕಡಿವಾಣ. ಆದರೂ ಸವರಿದ ಕಡ್ಡಿಗಳನ್ನು ಕೆರೆ ದಂಡೆಗೆ, ಕಾಡಂಚಿಗೆ ಸುರಿಯಬಾರದು, ಪರ್ಪಲ್ ಹಾರ್ಟನ್ನಂತೂ ಖಂಡಿತ ಬಾರದು. ಅದರ ಒಂದು ಗೆಣ್ಣು ಮಣ್ಣಿಗೆ ತಾಗಿದರೂ ಗಿಡವಾಗುತ್ತದೆ.

ಕರಾವಳಿಯವರಿಗೆ ಹೊರಗಿನಿಂದ ತರುವ ಅಗತ್ಯವೇ ಇಲ್ಲ. ಮಂಗಳೂರಿನಿಂದ ಕಾರವಾರದವರೆಗೆ ಅಲೆ ಮುಟ್ಟುವ ಗೆರೆಯ ಈಚೆ, ಅಡುಂಬು ಬಳ್ಳಿಯ ನೆರೆಯಲ್ಲಿ, ಉಪ್ಪುನೀರಿನ ಕೋಡಿಗಳ ದಂಡೆಯಲ್ಲಿ ಸೆಸೂವಿಯಂ ಎಂಬ ಗಿಡ ಮರಳಿನ ಮೇಲೆ ಹಬ್ಬಿರುತ್ತದೆ. ಕೆಂಪು ದಂಟು, ರಸ ತುಂಬಿದ ಎಲೆ, ನಕ್ಷತ್ರದಂಥ ತಿಳಿ ನೇರಳೆ ಹೂ. ಗೋಣಿ ಸೊಪ್ಪನ್ನೇ ಹೋಲುತ್ತದೆ, ಆದರೆ ಐಸ್‌ಪ್ಲಾಂಟ್‌ನ ಕುಟುಂಬಕ್ಕೆ ಸೇರಿದ್ದು. ಉಪ್ಪು ಗಾಳಿ, ಉಪ್ಪು ನೀರು, ಕಾದ ಮರಳು ಮೂರನ್ನೂ ತಾಳಿಕೊಂಡು ಈ ದಂಡೆಯಲ್ಲೇ ಬೆಳೆದು ಬಂದಿರುವುದರಿಂದ ಇಲ್ಲಿನ ಮುಂಗಾರು ಅದಕ್ಕೆ ಹೊಸದಲ್ಲ. ಕಡಲ ದಂಡೆಯಿಂದ ಬುಡಸಮೇತ ಕೀಳಬೇಡಿ, ಆ ಮರಳನ್ನು ಹಿಡಿದಿಟ್ಟಿರುವುದೇ ಆ ಬೇರುಗಳು. ನಾಲ್ಕು ಗೆಣ್ಣಿನ ಒಂದು ತುಂಡು ಕತ್ತರಿಸಿ ತಂದರೆ ಸಾಕು. ಮನೆಯ ಹಿತ್ತಿಲ ಮರಳಿನಲ್ಲಿ ಅಡ್ಡಡ್ಡ ಮಲಗಿಸಿ ಗೆಣ್ಣುಗಳ ಮೇಲೆ ಒಂದು ಹಿಡಿ ಮರಳು ಹಾಕಿ, ಮೊದಲ ಎರಡು ವಾರ ತೇವ ಆರದಂತೆ ನೋಡಿಕೊಂಡರೆ ಪ್ರತಿ ಗೆಣ್ಣಿನಲ್ಲೂ ಬೇರೊಡೆಯುತ್ತದೆ.